ಕೊಟ್ಟ ಕೋಡಂಗಿಗೊಂದು ಕಾನೂನು ಪಾಠ

ಮೈಸೂರಿನವರಿಗೆ ಸಾಲ ಕೊಡಲು ಬರುತ್ತದೆ, ವಾಪಸು ಕೇಳಲು ಬರುವುದಿಲ್ಲ. ಬೇರೆ ಊರುಗಳಲ್ಲಿ ಬಾಗಿಲು ತಟ್ಟಿ "ದುಡ್ಡು ಇಡ್ರೀ" ಎನ್ನುತ್ತಾರಂತೆ. ನಮ್ಮವರು ಹಾಗಲ್ಲ. ಸಾಲಗಾರನ ಮನೆಗೆ ಹೋಗಿ ಮೊದಲು ಅವನ ಮೊಣಕಾಲು ನೋವು ವಿಚಾರಿಸುತ್ತಾರೆ, ಆಮೇಲೆ ಕೆಆರ್‌ಎಸ್ ನೀರಿನ ಮಟ್ಟ, ಈ ಸಲದ ದಸರಾ ಪಾಸು, ಅಮೆರಿಕದ ಅಳಿಯನ ವೀಸಾ. ಕಾಫಿ ಮುಗಿದು ಚಪ್ಪಲಿ ಮೆಟ್ಟಿಕೊಳ್ಳುವಾಗ ಮಾತ್ರ ಗಂಟಲು ಸರಿಮಾಡಿಕೊಂಡು, "ಅದೇ... ಆ ವಿಷಯ..." ಎನ್ನುತ್ತಾರೆ. "ಅಯ್ಯೋ, ಮನಸ್ಸಿನಲ್ಲೇ ಇದೆ ಸಾರ್" ಎನ್ನುತ್ತಾನೆ ಅವನು. "ಮನಸ್ಸಿನಲ್ಲಿದ್ದರೆ ಸಾಕು ಬಿಡಿ" ಎಂದು ಇವರು ಗೇಟು ಹಾಕಿಕೊಂಡು ಬಂದುಬಿಡುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಎಲ್ಲೋ ಗೊತ್ತಿಲ್ಲ. ಬೆಳೆದದ್ದಂತೂ ನಮ್ಮ ಸರಸ್ವತೀಪುರಂ, ಚಾಮುಂಡಿಪುರಂ ಕಡೆಯೇ.

ನಮ್ಮ ಬೀದಿಯಲ್ಲೊಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಸಮಾಜ ವಿಜ್ಞಾನ ಹೇಳುತ್ತಿದ್ದವರು. ನಿವೃತ್ತಿಯಾದಾಗ ಬಂದ ಗಂಟಿನಲ್ಲಿ ಎರಡು ಲಕ್ಷ ತೆಗೆದು, ಅಡುಗೆ ಕಾಂಟ್ರಾಕ್ಟ್ ಶುರುಮಾಡುತ್ತೇನೆಂದ ಹಳೆಯ ಶಿಷ್ಯನಿಗೆ ಕೊಟ್ಟರು. ಶಿಷ್ಯನ ಅಡುಗೆ ಚೆನ್ನಾಗಿದೆ, ಮದುವೆ ಮನೆಗಳಲ್ಲಿ ನಾವೇ ಉಂಡಿದ್ದೇವೆ. ವಾಯಿದೆ ಮುಗಿದ ಮೇಲೆ ಅವನು ಸಿಗುವುದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಾತ್ರ. ಅಲ್ಲಿನ ದಾರಿ ಕೆರೆಯ ಸುತ್ತ ಬರುತ್ತದಲ್ಲ, ಎದುರುಬದುರು ನಡೆದರೆ ಮುಖಾಮುಖಿ ಆಗಲೇಬೇಕು. ಶಿಷ್ಯ ಜಾಣ, ಮೇಷ್ಟ್ರು ನಡೆಯುವ ದಿಕ್ಕಿನಲ್ಲೇ ಒಂದು ಫರ್ಲಾಂಗು ಮುಂದೆ ನಡೆಯುತ್ತಾನೆ. ಮೇಷ್ಟ್ರಿಗೆ ಕಾಣುವುದು ಅವನ ಬೆನ್ನು. ಒಂದು ದಿನ ಅವನು ಚಪ್ಪಲಿ ಉಂಗುಷ್ಠ ಕಿತ್ತು ನಿಂತ, ಸಿಕ್ಕಿಬಿದ್ದ. ಮೇಷ್ಟ್ರು ಧೈರ್ಯ ಮಾಡಿ ಕೇಳಿಯೇಬಿಟ್ಟರು. ಶಿಷ್ಯ ಕೈಮುಗಿದು, ಬಹಳ ವಿನಯದಿಂದ ಹೇಳಿದ: "ಕೊಡಬಾರದು ಅಂತೇನಿಲ್ಲ ಸಾರ್. ಆದರೆ ಈಗ ಹೊಸ ಕಾನೂನು ಬಂದಿದೆಯಲ್ಲ. ತಾವು ಡಿಸಿ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದ್ದೀರಾ?"

ಹೈಸ್ಕೂಲಿನಲ್ಲಿ 'ನಾಗರಿಕನ ಹಕ್ಕುಗಳು' ಪಾಠವನ್ನು ಮೇಷ್ಟ್ರು ಅಷ್ಟು ಚೆನ್ನಾಗಿ ಮಾಡಬಾರದಿತ್ತು.

ಶಿಷ್ಯ ಹೇಳಿದ ಕಾನೂನು ಇರುವುದು ನಿಜ. 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರದ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್‌ನವರ ಕಾಟಕ್ಕೆ ಹೆದರಿ ಜನ ಮನೆಗೆ ಬೀಗ ಜಡಿದು ಊರು ಬಿಟ್ಟ ಸುದ್ದಿ ದಿನಾ ಬರುತ್ತಿತ್ತು. ಪ್ರಾಣ ಕಳೆದುಕೊಂಡವರ ಸುದ್ದಿಯೂ ಬಂತು. ಹಾವೇರಿ ಕಡೆಯ ಹೆಣ್ಣುಮಕ್ಕಳು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಜಿಲ್ಲೆಯವರೇ; ಸರಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ಬರೆಯಿತು. ರಾಜ್ಯಪಾಲರು ಫೆಬ್ರುವರಿ 7ರಂದು ಅದನ್ನು ವಾಪಸು ಕಳಿಸಿದರು. ಅವರ ತಕರಾರಿನಲ್ಲಿ ಒಂದು ಲೆಕ್ಕ ಇತ್ತು: ಕೊಡುವ ಸಾಲವೇ ಹೆಚ್ಚೆಂದರೆ 3 ಲಕ್ಷ, ದಂಡ 5 ಲಕ್ಷ ಅಂದರೆ ಹೇಗೆ? ನ್ಯಾಯವಾಗಿ ಸಾಲ ಕೊಟ್ಟವನು ಏನು ಮಾಡಬೇಕು? ಸರಕಾರ ಸಮಜಾಯಿಷಿ ಕೊಟ್ಟಿತು, ಫೆಬ್ರುವರಿ 12ರಂದು ಸಹಿ ಬಿತ್ತು, ಮಾರ್ಚಿನಲ್ಲಿ ಸದನ ಅದನ್ನೇ ಮಸೂದೆಯಾಗಿ ಒಪ್ಪಿತು. ದಂಡ ಐದು ಲಕ್ಷವೇ ಉಳಿಯಿತು. ಜೊತೆಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, ಜಾಮೀನು ಸುಲಭಕ್ಕಿಲ್ಲ.

ಅದರಲ್ಲಿ ಏನೇನು ಮಾಡಬಾರದು ಎಂಬ ಪಟ್ಟಿ ಓದಿದರೆ ವಸೂಲಿ ಎಂಬ ಕಸುಬಿನ ಇಡೀ ಪಠ್ಯಕ್ರಮ ಸಿಗುತ್ತದೆ. ಸಾಲಗಾರನನ್ನೋ ಮನೆಯವರನ್ನೋ ಹೆದರಿಸಬಾರದು, ಅವಮಾನ ಮಾಡಬಾರದು, ಹೋದಲ್ಲೆಲ್ಲ ಹಿಂಬಾಲಿಸಬಾರದು, ಮನೆಗೋ ಕೆಲಸದ ಜಾಗಕ್ಕೋ ಪದೇಪದೇ ಹೋಗಿ ಒತ್ತಡ ಹಾಕಬಾರದು, ಸರಕಾರಿ ಸವಲತ್ತಿನ ಕಾಗದಪತ್ರ ಕಿತ್ತುಕೊಳ್ಳಬಾರದು, ರೌಡಿಗಳನ್ನು ಬಿಡಬಾರದು. ಸಾಲಕ್ಕೆ ಒತ್ತೆಯನ್ನೂ ಕೇಳಬಾರದು. ಜಿಲ್ಲಾಧಿಕಾರಿ ಹತ್ತಿರ ನೋಂದಣಿಯಾಗದ, ಲೈಸೆನ್ಸಿಲ್ಲದ ಸಂಸ್ಥೆ ಅಥವಾ ಲೇವಾದೇವಿದಾರರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಅಸಲು ಬಡ್ಡಿ ಸಮೇತ ತೀರಿದಂತೆ, ಸಿವಿಲ್ ಕೋರ್ಟು ಅವರ ದಾವೆಯನ್ನು ಮುಟ್ಟುವಂತಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಕಾಯ್ದೆ ಅನ್ವಯವಿಲ್ಲ. ಅಂದರೆ "ಸರಕಾರ ಎಲ್ಲ ಸಂಘದ ಸಾಲ ಮನ್ನಾ ಮಾಡಿದೆ" ಎಂದು ಊರೂರಿನಲ್ಲಿ ಹಬ್ಬಿದ ಮಾತು ಅರ್ಧಕ್ಕರ್ಧ ಗಾಳಿಸುದ್ದಿ.

ಮೇಷ್ಟ್ರಿಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರನ್ನು ನನ್ನ ವಕೀಲ ಮಿತ್ರರ ಹತ್ತಿರ ಕರೆದುಕೊಂಡು ಹೋದೆ. ಅವರು ಕಪ್ಪು ಕೋಟು ಕುರ್ಚಿಗೆ ನೇತುಹಾಕಿ ವಿಚಾರಣೆ ಶುರುಮಾಡಿದರು.

"ಬಡ್ಡಿ ಎಷ್ಟು ಮೇಷ್ಟ್ರೇ?"

"ಬಡ್ಡಿ ಅಂತೇನಿಲ್ಲ. ಸುಮ್ಮನೆ ನೂರಕ್ಕೆ ಎರಡು ರೂಪಾಯಿ."

"ತಿಂಗಳಿಗೋ?"

"ಮತ್ತೆ? ಬ್ಯಾಂಕಿನಲ್ಲಿಟ್ಟಿದ್ದರೂ ಬರುತ್ತಿತ್ತಲ್ಲ!"

ವರ್ಷಕ್ಕೆ ಶೇ 24 ಕೊಡುವ ಆ ಬ್ಯಾಂಕಿನ ವಿಳಾಸವನ್ನು ವಕೀಲರು ಕೇಳಿದರು. ಮೇಷ್ಟ್ರು ಚಾವಣಿ ನೋಡಿದರು.

"ಬೇರೆ ಯಾರಿಗಾದರೂ ಕೊಟ್ಟಿದ್ದೀರಾ?"

"ನಾನಿಲ್ಲ. ನಮ್ಮ ಮನೆಯವರು... ತರಕಾರಿಯವಳಿಗೆ, ಇಸ್ತ್ರಿಯವನಿಗೆ, ಒಬ್ಬ ಆಟೋದವನಿಗೆ. ಮೂರು ರೂಪಾಯಿ ಬಡ್ಡಿ. ಅವರ ಲೆಕ್ಕ ಬೇರೆ."

ಮೈಸೂರಿನ ಮರ್ಯಾದಸ್ಥರ ಕಥೆ ಎಡವುವುದು ಇಲ್ಲೇ. ಬಡ್ಡಿ ವ್ಯಾಪಾರ ಅಂದರೆ ನಮಗೆ ಕಣ್ಣಿಗೆ ಬರುವುದು ಅಶೋಕ ರಸ್ತೆಯ ಗಿರವಿ ಅಂಗಡಿ, ಇಲ್ಲವೇ ಬುಲೆಟ್ ಮೇಲೆ ಬರುವ ಮೀಟರ್ ಬಡ್ಡಿಯವನು. ಗಿರವಿ ಅಂಗಡಿಯವನು ಗೋಡೆಗೆ ಲೈಸೆನ್ಸು ತೂಗುಹಾಕಿರುತ್ತಾನೆ. ಲೈಸೆನ್ಸಿಲ್ಲದವರು ನಾವೇ: ಪಿಂಚಣಿ ಉಳಿಸಿ ಪಕ್ಕದ ಬೀದಿಗೆ ಬಡ್ಡಿಗೆ ಬಿಡುವ ಮನೆಯಜಮಾನರು, ಅವರಿಗಿಂತ ಒಂದು ರೂಪಾಯಿ ಮೇಲೆ ಬಿಡುವ ಯಜಮಾನಿತಿಯರು. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯ ಪ್ರಕಾರ ಬಡ್ಡಿ ವ್ಯವಹಾರ ನಡೆಸುವವನಿಗೆ ಲೈಸೆನ್ಸು ಬೇಕು. ಇಲ್ಲದಿದ್ದರೆ ಅವನ ದಾವೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಬಡ್ಡಿಗೂ ಮಿತಿ ಇದೆ: ಒತ್ತೆ ಇದ್ದರೆ ವರ್ಷಕ್ಕೆ ಶೇ 14, ಇಲ್ಲದಿದ್ದರೆ ಶೇ 16. ನೂರಕ್ಕೆ ಒಂದೂಕಾಲು ರೂಪಾಯಿ ದಾಟಿತೆಂದರೆ ಹತ್ತಿರ ಹತ್ತಿರ ಗಡಿ ಮುಟ್ಟಿದ ಹಾಗೇ. 2004ರಲ್ಲಿ ದುಬಾರಿ ಬಡ್ಡಿ ನಿಷೇಧಕ್ಕೇ ಬೇರೆ ಕಾಯ್ದೆ ಬಂತು. 'ನೂರಕ್ಕೆ ಮೂರು' ಅನ್ನುವಾಗ ಬಾಯಿಗೆ ಎಷ್ಟು ಹಗುರ! 'ವರ್ಷಕ್ಕೆ ಶೇ 36' ಎಂದು ಹೇಳಬೇಕಾಗಿದ್ದರೆ ಆ ತಾಯಿ ತಾವೇ ಬೆಚ್ಚಿಬೀಳುತ್ತಿದ್ದರು.

ಒಂದೇ ಸಮಾಧಾನ. ಗುರುತಿನವನಿಗೆ ಒಮ್ಮೆ ಕೈಗಡ ಕೊಟ್ಟ ಮಾತ್ರಕ್ಕೆ ಯಾರೂ ಲೇವಾದೇವಿದಾರ ಆಗುವುದಿಲ್ಲ. ವ್ಯವಹಾರ ಅನ್ನಬೇಕಾದರೆ ಪದೇಪದೇ ನಡೆದಿರಬೇಕು. ಹಾಗಾಗಿ ಮೇಷ್ಟ್ರು ಬಚಾವು. ಮನೆಯವರ ಮೂರು ಗಿರಾಕಿಗಳ ವಿಷಯ ಎದುರು ಪಕ್ಷದ ವಕೀಲರ ಕಿವಿಗೆ ಬೀಳದಿರಲಿ ಅಂತ ನಮ್ಮ ವಕೀಲರು ಎದ್ದು ಕಿಟಕಿ ಮುಚ್ಚಿದರು.

ಸಾಲ ಕೊಡುವವನ ಮೇಲೆ ಕಾನೂನಿಗೆ ಗುಮಾನಿ ಇದ್ದದ್ದು ಈಚೆಗಲ್ಲ. ಮಹಾರಾಜರ ಕಾಲದಲ್ಲೇ 1928ರಲ್ಲಿ ಬೇಸಾಯಗಾರರ ನೆರವಿನ ಕಾಯ್ದೆ ಬಂತು, 1939ರಲ್ಲಿ ಮೈಸೂರು ಲೇವಾದೇವಿ ಕಾಯ್ದೆ. 1976ರಲ್ಲಿ ಹುಣಸೂರಿನ ದೇವರಾಜ ಅರಸರು ಋಣ ಪರಿಹಾರ ಕಾಯ್ದೆ ತಂದು ಬಡವರ ಖಾಸಗಿ ಸಾಲಗಳನ್ನು ಒಂದೇ ಏಟಿಗೆ ತೀರಿಸಿದರು. ಒತ್ತೆ ಇಟ್ಟ ಪಾತ್ರೆ, ಒಡವೆ ವಾಪಸು ಬಂದವು. ಕುಮಾರಸ್ವಾಮಿಯವರ ಕಾಲದ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದದ್ದು 2019ರ ಜುಲೈ 23ರಂದು. ಅದೇ ದಿನ ಅವರ ಸರಕಾರ ಬಿತ್ತು. ಸಾಲಗಾರರಿಗೆ ಬಿಡುಗಡೆ, ಮುಖ್ಯಮಂತ್ರಿಗೂ ಬಿಡುಗಡೆ. ಇಷ್ಟೆಲ್ಲ ಆದರೂ ಬಡ್ಡಿಯವನ ಮನೆ ಮುಂದಿನ ಸಾಲು ಕರಗಲಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ ರಾತ್ರಿ ಹತ್ತಕ್ಕೆ ಆಸ್ಪತ್ರೆ ದುಡ್ಡು ಕೊಡುವವನು ಅವನೊಬ್ಬನೇ. ಇದನ್ನು ಒಪ್ಪಿಕೊಳ್ಳದ ಯಾವ ಕಾಯ್ದೆಯೂ ಬಾಗಿಲ ಹೊರಗೇ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಇರಲಿ, ಮೇಷ್ಟ್ರ ಕಾಗದಕ್ಕೆ ಬರೋಣ. ವಿಷ್ಣು ಸಹಸ್ರನಾಮದ ಪುಸ್ತಕದ ನಡುವಿನಿಂದ ಅವರು ಎರಡು ಹಾಳೆ ತೆಗೆದರು. ಒಂದು ಪ್ರೋನೋಟು. ವಕೀಲರು ಅದನ್ನು ಬೆಳಕಿಗೆ ಹಿಡಿದು ಮೊದಲು ನೋಡಿದ್ದು ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಅದು ಇರಲೇಬೇಕು, ಸಹಿ ಅದರ ಮೇಲೆ ಹಾಯ್ದಿರಬೇಕು. ಬೇರೆ ದಸ್ತಾವೇಜುಗಳಿಗೆ ಸ್ಟಾಂಪು ಕಡಿಮೆ ಬಿದ್ದಿದ್ದರೆ ಆಮೇಲೆ ದಂಡ ಕಟ್ಟಿ ಸರಿಮಾಡಿಸಬಹುದು, ಪ್ರೋನೋಟಿಗೆ ಆ ರಿಯಾಯಿತಿ ಇಲ್ಲ. ಸ್ಟಾಂಪಿಲ್ಲದ ಹತ್ತು ಲಕ್ಷದ ಪ್ರೋನೋಟು ಕಡಲೆಕಾಯಿ ಕಟ್ಟುವುದಕ್ಕೆ ಲಾಯಕ್ಕು. ಪುಣ್ಯಕ್ಕೆ ಸ್ಟಾಂಪಿತ್ತು. ಆಮೇಲೆ ತಾರೀಖು. ವಕೀಲರ ಹುಬ್ಬು ಮೇಲೇರಿತು.

"ಎರಡು ವರ್ಷ ಹತ್ತು ತಿಂಗಳು. ಇನ್ನೆರಡು ತಿಂಗಳು 'ಮನಸ್ಸಿನಲ್ಲೇ ಇದೆ' ಅನ್ನಿಸಿಕೊಂಡಿದ್ದರೆ ಮುಗೀತಿತ್ತು."

1963ರ ಕಾಲಮಿತಿ ಕಾಯ್ದೆ ಬಲು ನಿರ್ದಾಕ್ಷಿಣ್ಯ. ಕೇಳಿದಾಗ ಕೊಡತಕ್ಕ ಪ್ರೋನೋಟಿಗೆ ಅದು ಬರೆದ ದಿನದಿಂದ ಮೂರು ವರ್ಷ. ನೀವು ಕೇಳಿದ ದಿನದಿಂದಲ್ಲ, ಅವನು ಮುಖ ತಪ್ಪಿಸಿದ ದಿನದಿಂದಲೂ ಅಲ್ಲ. ಆ ಮೂರು ವರ್ಷದೊಳಗೆ ಸಾಲಗಾರ ಬಾಕಿ ಒಪ್ಪಿ ಬರೆದು ಸಹಿ ಹಾಕಿದರೆ, ಅಥವಾ ಸ್ವಲ್ಪ ದುಡ್ಡು ಕಟ್ಟಿ ಪ್ರೋನೋಟಿನ ಬೆನ್ನ ಮೇಲೆ ತಾನೇ ಷರಾ ಬರೆದರೆ, ಮತ್ತೆ ಮೂರು ವರ್ಷ ಹೊಸದಾಗಿ ಎಣಿಕೆ. ಮೂರು ದಾಟಿದ ಮೇಲೆ ಬರೀ ಒಪ್ಪಿಗೆ ಸಾಲದು, 'ಕೊಡುತ್ತೇನೆ' ಎಂದು ಹೊಸ ಕರಾರನ್ನೇ ಬರೆದುಕೊಡಬೇಕು. ಕಾಲ ಮೀರಿದ ಸಾಲಕ್ಕೆ ಹಾಗೆ ಬರೆದುಕೊಡುವ ಪುಣ್ಯಾತ್ಮ ಇದ್ದರೆ ಅವನಿಗೆ ಪ್ರೋನೋಟಿನ ಅಗತ್ಯವೇ ಇರಲಿಲ್ಲ. ಸಂಕೋಚಕ್ಕೆ ಬಿದ್ದು ವರ್ಷ ತಳ್ಳುವ ಮೈಸೂರಿನವರಿಗೇ ಈ ಕಾಯ್ದೆ ಹೊಲಿಸಿದ ಹಾಗಿದೆ.

"ಕ್ಯಾಶೋ ಚೆಕ್ಕೋ ಕೊಟ್ಟದ್ದು?"

"ಕ್ಯಾಶು. ಶಿಷ್ಯ ಅಂತ."

ಇಪ್ಪತ್ತು ಸಾವಿರವೋ ಮೇಲೋ ನಗದಾಗಿ ಸಾಲ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ಆಗಿಬರುವುದಿಲ್ಲ. ದಂಡ ಬೀಳುವುದು ಪಡೆದವನಿಗೆ, ಪಡೆದಷ್ಟೇ ಮೊತ್ತ. ಮೇಷ್ಟ್ರ ಮುಖ ಅರಳಿತು. ಕೊನೆಗೂ ಈರಭದ್ರನ ಮೇಲೆ ಒಂದು ಕಾನೂನು! ಆದರೆ ಆ ದಂಡ ಹೋಗುವುದು ಸರಕಾರಕ್ಕೆ, ಮೇಷ್ಟ್ರಿಗಲ್ಲ. ಅಷ್ಟೇ ಅಲ್ಲ, 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ವಿದ್ಯಾಸಂಸ್ಥೆಯ ಜಮೀನಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಅಪ್ಪಣೆ ಮಾಡಿತು: 2 ಲಕ್ಷವೋ ಅದಕ್ಕಿಂತ ಹೆಚ್ಚೋ ನಗದು ಕೊಟ್ಟೆ ಎಂದು ಯಾರಾದರೂ ದಾವೆ ಹೂಡಿದರೆ, ಕೋರ್ಟು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಮೇಷ್ಟ್ರು ಕೊಟ್ಟದ್ದು ಸರಿಯಾಗಿ ಎರಡು ಲಕ್ಷ. ಒಂದು ರೂಪಾಯಿ ಕಮ್ಮಿ ಕೊಟ್ಟಿದ್ದರೆ ಬಚಾವಾಗುತ್ತಿದ್ದರು. ನಿವೃತ್ತಿಯ ದುಡ್ಡು ಬ್ಯಾಂಕಿನಿಂದ ತೆಗೆದದ್ದಕ್ಕೆ ಪಾಸ್‌ಬುಕ್ಕಿನಲ್ಲಿ ಗುರುತಿದೆಯಲ್ಲ, ಅದು ಅವರನ್ನು ಕಾಯಿತು.

ಎರಡನೆಯ ಹಾಳೆ, ಶಿಷ್ಯ 'ನಂಬಿಕೆಗೆ' ಕೊಟ್ಟ ಚೆಕ್ಕು. ಚೆಕ್ಕು ಬೌನ್ಸಾದರೆ ಎರಡು ವರ್ಷದವರೆಗೆ ಜೈಲು ಅಥವಾ ದುಪ್ಪಟ್ಟು ದಂಡ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಪಂಚಾಂಗ: ಬ್ಯಾಂಕು ತಿಳಿಸಿದ 30 ದಿನದೊಳಗೆ ನೋಟೀಸು, ನೋಟೀಸು ತಲುಪಿದ ಮೇಲೆ 15 ದಿನ ಕಾಯುವಿಕೆ, ಅದಾದ ತಿಂಗಳೊಳಗೆ ದೂರು. 2010ರಲ್ಲಿ ರಾಣೆಬೆನ್ನೂರಿನ ಒಂದು ಮನೆ ಕಟ್ಟಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬರೀ 45,000 ರೂಪಾಯಿ ಚೆಕ್ಕು. ಸಹಿ ನಿನ್ನದೇ ಆದರೆ ಸಾಲ ಇತ್ತೆಂದೇ ಮೊದಲು ನಂಬುತ್ತೇವೆ, ಇಲ್ಲವೆಂದು ತೋರಿಸುವುದು ನಿನ್ನ ಹೊಣೆ ಎಂದಿತು ಕೋರ್ಟು. ಸಾಲ ಕೊಟ್ಟವರು ಪೇಡೆ ಹಂಚಿದರು. 2019ರಲ್ಲಿ ಇದೇ ಕರ್ನಾಟಕದ ಇನ್ನೊಂದು ಪ್ರಕರಣ ಹೋಯಿತು, ಆರು ಲಕ್ಷದ್ದು. ಅಷ್ಟು ದುಡ್ಡು ಕೊಡುವ ತಾಕತ್ತು ನಿನಗಿತ್ತೇ ಎಂದು ಸಾಲ ಕೊಟ್ಟವನನ್ನೇ ಕೇಳಿದರು. ಲೆಕ್ಕ ಕೂಡಲಿಲ್ಲ, ಆರೋಪಿ ಬಿಡುಗಡೆಯಾದ. ಆವತ್ತಿನಿಂದ ಚೆಕ್ಕಿನ ಕೇಸಿನಲ್ಲಿ ಸಾಲ ಕೊಟ್ಟವನೂ ಕಟಕಟೆಯಲ್ಲಿ ಬೆವರುತ್ತಾನೆ.

ಇಷ್ಟಾಗಿ ಗೆದ್ದಿರಿ ಅನ್ನಿ. ಕೃಷ್ಣರಾಜ ಬುಲೆವಾರ್ಡಿನ ಕೋರ್ಟಿನಲ್ಲಿ ಡಿಕ್ರಿ ಆಯಿತು, ಅಮೀನರನ್ನು ಕರೆದುಕೊಂಡು ಜಪ್ತಿಗೆ ಹೊರಟಿರಿ. ಇಲ್ಲಿಂದಲೇ ನಿಜವಾದ ಹಾಸ್ಯ. ಸೂರ್ಯ ಮುಳುಗಿದ ಮೇಲೆ, ಮೂಡುವ ಮುಂಚೆ ಅಮೀನರು ಮನೆಯೊಳಗೆ ಕಾಲಿಡುವಂತಿಲ್ಲ. ಒಳಗೆ ಹೋದರೂ ಏನು ಮುಟ್ಟಬಾರದು ಎಂಬುದಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟಬಾರದು. ಹೆಣ್ಣುಮಕ್ಕಳು ಸಂಪ್ರದಾಯದ ಪ್ರಕಾರ ತೆಗೆಯಬಾರದ ಒಡವೆ ಮುಟ್ಟಬಾರದು. ಕಸುಬುದಾರನ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ ಮುಟ್ಟಬಾರದು. ನಮ್ಮ ಶಿಷ್ಯನ ಕೊಳದಪ್ಪಲೆ, ಜಾಲರಿ, ಗ್ಯಾಸ್ ಒಲೆ ಪಾತ್ರೆಯೋ ಉಪಕರಣವೋ? ಎರಡಾದರೂ ಅವನಿಗೇ ಲಾಭ. ಸಂಬಳಕ್ಕೆ ಕೈಹಾಕೋಣವೆಂದರೆ ಮೊದಲ ಸಾವಿರ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಅವನದೇ. ಸರಕಾರಿ ಪಿಂಚಣಿಯನ್ನಂತೂ ಮುಟ್ಟುವಂತೆಯೇ ಇಲ್ಲ. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎನ್ನುತ್ತಾರೆ. ಸಾಲ ಮಾಡಿದ ಪಿಂಚಣಿದಾರರಿಗೆ ಅದು ಅಕ್ಷರಶಃ ನಿಜ.

"ಜೈಲಿಗೆ ಕಳಿಸಿದರೆ?" ಅಂದರು ಮೇಷ್ಟ್ರು. ಶಾಂತ ಸ್ವಭಾವದವರು, ಆದರೆ ಆ ಬೆನ್ನು ನೋಡಿ ನೋಡಿ ಸಾಕಾಗಿತ್ತು.

ಸಿವಿಲ್ ಜೈಲು ಇದೆ, ಹೆಚ್ಚೆಂದರೆ ಮೂರು ತಿಂಗಳು. ಹೆಂಗಸರನ್ನು ಕಳಿಸುವಂತಿಲ್ಲ. ಕೈಲಿ ಕಾಸಿಲ್ಲದವನನ್ನು ಬಡತನಕ್ಕಾಗಿ ಜೈಲಿಗೆ ತಳ್ಳಬೇಡಿ, ಇದ್ದೂ ಕೊಡದವನನ್ನು ಮಾತ್ರ ಕಳಿಸಿ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಸರಿ, ಇದ್ದೂ ಕೊಡದವನೇ ಅನ್ನಿ. ಅವನು ಒಳಗಿರುವಷ್ಟು ದಿನ ಊಟದ ಬತ್ತೆ ಕಟ್ಟಬೇಕಾದವರು ಯಾರು ಗೊತ್ತೇ? ಡಿಕ್ರಿ ಪಡೆದ ಮೇಷ್ಟ್ರು! ಕಟ್ಟದಿದ್ದರೆ ಅವನು ಹೊರಗೆ. ಊರಿಗೆಲ್ಲ ಅಡುಗೆ ಮಾಡಿ ಬಡಿಸಿದ ಶಿಷ್ಯನಿಗೆ ಮೇಷ್ಟ್ರು ಪಿಂಚಣಿಯಲ್ಲಿ ಮೂರು ತಿಂಗಳು ಊಟ ಹಾಕಿಸುವುದು. ಅವನು ಹೊರಬಂದ ಮೇಲೆ ಸಾಲವೇನೋ ಹಾಗೇ ಇರುತ್ತದೆ, ಆದರೆ ಅದೇ ಡಿಕ್ರಿಗೆ ಮತ್ತೆ ಒಳಗೆ ಕಳಿಸುವಂತಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ನಾನು ಹಾಕುತ್ತೇನೆ, ಅವನೇ ಮಾಡಿಕೊಳ್ಳಲಿ" ಎಂದರು.

ಇದನ್ನೆಲ್ಲ ಕೇಳಿದ ಮೇಲೆ, ನಾಲ್ಕು ಜನ ಗಟ್ಟಿಗರನ್ನು ಕಳಿಸುವುದೇ ಸಲೀಸು ಅಂತ ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸಿದವರಲ್ಲಿ ದೊಡ್ಡ ಬ್ಯಾಂಕುಗಳೂ ಇದ್ದವು. 2007ರಲ್ಲೇ ಸುಪ್ರೀಂ ಕೋರ್ಟು ಗೂಂಡಾಗಳ ಕೈಯಲ್ಲಿ ವಸೂಲಿ ಮಾಡಿಸಬೇಡಿ ಎಂದು ಒಂದು ಬ್ಯಾಂಕಿಗೆ ಛೀಮಾರಿ ಹಾಕಿತು. ರಿಸರ್ವ್ ಬ್ಯಾಂಕು ವೇಳಾಪಟ್ಟಿಯನ್ನೇ ಕೊಟ್ಟಿದೆ: ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಬಾರದು. ಮೈಕ್ರೋ ಫೈನಾನ್ಸ್ ಸಾಲವಾದರೆ 9ರಿಂದ 6. ಅದರ ಕಂತನ್ನು ಗೊತ್ತುಮಾಡಿದ ಜಾಗದಲ್ಲೇ ಕಟ್ಟಿಸಿಕೊಳ್ಳಬೇಕು. ಸಾಲಗಾರರು ಒಂದರ ಮೇಲೊಂದು ಎರಡು ಸಲ ಬಾರದಿದ್ದರೆ ಮಾತ್ರ ಮನೆ ಬಾಗಿಲಿಗೆ ಹೋಗಬಹುದು. ಈ ನಿಯಮ 2022ರಿಂದಲೂ ಇತ್ತು. ಇದನ್ನು ಪಾಲಿಸಿದ್ದರೆ ನಂಜನಗೂಡಿನ ಹಳ್ಳಿಗಳಲ್ಲಿ ಬೀಗ ಬೀಳುತ್ತಿರಲಿಲ್ಲ, ಹತ್ತು ವರ್ಷದ ಜೈಲಿನ ಕಾನೂನೂ ಬೇಕಾಗುತ್ತಿರಲಿಲ್ಲ. ಸಂಜೆ ಏಳರ ಮೇಲೆ ಸಾಲಗಾರರ ಬಾಗಿಲಲ್ಲಿ ಕೂತ ವಸೂಲಿ ಹುಡುಗನೂ ಯಾವುದೋ ಹಳ್ಳಿಯವನೇ, ಅವನ ತಲೆ ಮೇಲೆ ತಿಂಗಳ ಟಾರ್ಗೆಟ್ಟು ಎಂಬ ಬಡ್ಡಿ ಬೇರೆ. ಕೇಸು ಬೀಳುವುದು ಅವನ ಮೇಲೆ. ಟಾರ್ಗೆಟ್ಟು ಬರೆದವರು ಏಸಿ ರೂಮಿನಲ್ಲಿರುತ್ತಾರೆ.

ವಕೀಲರು ಕೊನೆಗೆ ಮೇಷ್ಟ್ರಿಗೆ ಹೇಳಿದ್ದಿಷ್ಟು. ಬಡ್ಡಿ ಮಾತು ಮರೆತುಬಿಡಿ. ಅಸಲಿಗೆ ನೋಟೀಸು ಕೊಡಿ, ಮೂರು ವರ್ಷ ತುಂಬುವ ಮುಂಚೆ ದಾವೆ ಹಾಕಿ, ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಿ. ರಾಜಿಯಾದರೆ ಕೋರ್ಟು ಫೀಸೂ ವಾಪಸು ಬರುತ್ತದೆ, ಅಪೀಲಿನ ರಗಳೆಯೂ ಇಲ್ಲ. ಕೆರೆ ಏರಿ ಮೇಲೆ ಹಿಂದೆ ಹಿಂದೆ ಹೋಗಬೇಡಿ, ಹಿಂಬಾಲಿಸಿದರು ಎಂದು ಅವನೇ ದೂರು ಕೊಟ್ಟಾನು. ನೋಟೀಸು ತಲುಪಿದ ವಾರಕ್ಕೆ ಶಿಷ್ಯ ಮನೆಗೇ ಬಂದ. ಹಣ್ಣು ತಂದಿದ್ದ. ಐವತ್ತು ಸಾವಿರ ಬ್ಯಾಂಕಿನ ಮೂಲಕ ಕಟ್ಟಿ ಉಳಿದದ್ದಕ್ಕೆ ಕಂತು ಬರೆದುಕೊಟ್ಟ. ಸಹಿ ಹಾಕುವಾಗ, "ಮೊದಲೇ ಒಂದು ಮಾತು ಗಟ್ಟಿಯಾಗಿ ಕೇಳಿದ್ದರೆ ಕೊಡುತ್ತಿದ್ದೆನಲ್ಲ ಸಾರ್" ಎಂದನಂತೆ.

ಓದುಗ ಮಹಾಶಯರೇ, ನಿಮ್ಮ ಬೀರುವಿನಲ್ಲೂ ಪ್ರೋನೋಟು ಇರಬಹುದು. ಇವತ್ತೇ ತೆಗೆದು ಸ್ಟಾಂಪು ನೋಡಿ, ತಾರೀಖು ನೋಡಿ. ಎರಡೂವರೆ ವರ್ಷ ದಾಟಿದ್ದರೆ ಮೊಣಕಾಲು ನೋವು ವಿಚಾರಿಸುವುದು ಬಿಟ್ಟು ಒಂದು ಸಾಲು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಬರೆದುಕೊಡದಿದ್ದರೆ ವಕೀಲರ ಹತ್ತಿರ ಹೋಗಿ. ಮನೆಯವರು ಮೂರು ರೂಪಾಯಿ ಬಡ್ಡಿಗೆ ಬಿಟ್ಟಿದ್ದರೆ ಅದನ್ನು ಮೊದಲು ನಿಲ್ಲಿಸಿ.